ಮಾಸ್ಕ್ ಹಾಕಿದರೆ ಕನ್ನಡಕ ಮಬ್ಬಾಗುತ್ತಾ? ಸ್ಪ್ರೇ ಕೊಳ್ಳುವ ಮೊದಲು ಹಬೆ ಎಲ್ಲಿ ಕೂರುತ್ತದೆ ನೋಡಿ

ಜೂನ್ ಎರಡನೇ ವಾರ ಬಂತೆಂದರೆ ನಮ್ಮ ಅಂಗಡಿಯಲ್ಲಿ ಈ ಮಾತು ಶುರುವಾಗುತ್ತದೆ. "ಮಾಸ್ಕ್ ಹಾಕಿದ್ರೆ ಎಂತದೂ ಕಾಣೂದಿಲ್ಲ ಮಾರಾಯ್ರೆ, ಹಬೆ ಹಿಡಿಯದ ಹಂಗೆ ಸ್ಪ್ರೇ ಬರುತ್ತಲ್ಲ, ಅದೊಂದು ಕೊಡಿ." ಶಿವಮೊಗ್ಗದಲ್ಲಿ ಕನ್ನಡಕ ಮಾಡಿಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದಲೂ ಜನ ಬರುತ್ತಾರೆ. 2020ರಲ್ಲಿ ಇದು ಕನ್ನಡಕ ಹಾಕುವ ಎಲ್ಲರ ತೊಂದರೆಯಾಗಿತ್ತು. ಈಗ ಅಷ್ಟಿಲ್ಲ. ಆದರೆ ಆಸ್ಪತ್ರೆಯಲ್ಲಿ ದುಡಿಯುವ ನರ್ಸ್‌ಗಳಿಗೆ, ಧೂಳು ಆಗದವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ, ಅಡಿಕೆ ತೋಟಕ್ಕೆ ಔಷಧಿ ಹೊಡೆಯುವವರಿಗೆ ಇವತ್ತಿಗೂ ಇದು ದಿನದ ಕಿರಿಕಿರಿ.

ಸ್ಪ್ರೇ ನಮ್ಮಲ್ಲಿದೆ, ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಮಾಸ್ಕ್, ಕನ್ನಡಕ ಎರಡೂ ಹಾಕಿಸಿ, ಎದುರು ಕೂರಿಸಿಕೊಂಡು, ನಾಲ್ಕು ಸಲ ಉಸಿರು ಬಿಡಿ ಅನ್ನುತ್ತೇನೆ. ಹಬೆ ಗಾಜಿನ ಯಾವ ಮೂಲೆಯಿಂದ ಹತ್ತುತ್ತದೆ ಎಂದು ನೋಡಿದರೆ ಸಾಮಾನ್ಯವಾಗಿ ಕಾರಣ ಅಲ್ಲೇ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಆಮೇಲೆ ಸ್ಪ್ರೇ ಬೇಕಾಗುವುದೇ ಇಲ್ಲ. ಮನೆಯಲ್ಲಿ ನೀವೂ ಇದನ್ನೇ ಮಾಡಬಹುದು. ನಿಮ್ಮ ಗಾಜಿನ ಮೇಲಿನ ಹಬೆ ನಿಮಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮನೆಯವರನ್ನು ಎದುರು ಕೂರಿಸಿಕೊಳ್ಳಿ, ಅಥವಾ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನೋಡಿ.

ಹಬೆ ಯಾಕೆ ಕೂರುತ್ತದೆ

ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ. ಅದರಲ್ಲಿ ನೀರಾವಿ ಹೆಚ್ಚುಕಡಿಮೆ ತುಂಬಿರುತ್ತದೆ. 34 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ 37 ಗ್ರಾಂನಷ್ಟು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ 17 ಗ್ರಾಂ ಮಾತ್ರ. ಉಳಿದ ನೀರು ಎದುರಿಗೆ ಸಿಕ್ಕ ತಣ್ಣನೆ ಗಾಜಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಮಾಸ್ಕ್ ಇಲ್ಲದಾಗ ಉಸಿರು ಮುಂದಕ್ಕೆ, ಕೆಳಕ್ಕೆ ಹೋಗಿ ಚದುರುತ್ತದೆ. ಮಾಸ್ಕ್ ಸಡಿಲವಾಗಿದ್ದರೆ ಮೂಗಿನ ಪಕ್ಕದ ಸಂದಿಯಿಂದ ಒಲೆಯ ಹೊಗೆಯ ಹಾಗೆ ನೇರ ಮೇಲಕ್ಕೆ ಏಳುತ್ತದೆ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ 36 ಡಿಗ್ರಿ ಇರುವಾಗ ಹೊರಗೆ ನಿಂತರೆ ಗಾಜೇ ಉಸಿರಿಗಿಂತ ಬಿಸಿ. ಮಾಸ್ಕ್ ಎಷ್ಟೇ ಸಡಿಲವಿರಲಿ, ಹಬೆ ಕೂರುವುದಿಲ್ಲ. ಡಿಸೆಂಬರ್ ಬೆಳಗ್ಗೆ ಚೆನ್ನಾಗಿಯೇ ಕೂರುತ್ತದೆ, ಆದರೆ ಗಾಳಿ ಒಣಗಿರುವುದರಿಂದ ಬೇಗ ಆರಿಯೂ ಹೋಗುತ್ತದೆ. ಜುಲೈನಲ್ಲಿ ಆಗುಂಬೆ, ಹುಲಿಕಲ್ ಕಡೆ ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಲ್ಲಿ ಗಾಳಿಯೇ ಒದ್ದೆ. ಕೂತ ಹಬೆಗೆ ಆರಲು ಜಾಗವೇ ಇಲ್ಲ. ಮುಂದಿನ ಉಸಿರು ಅದರ ಮೇಲೇ ಬಂದು ಕೂರುತ್ತದೆ.

"ಬೇಸಿಗೆಯಲ್ಲಿ ಸರಿ ಇತ್ತು, ಈಗ ಹೀಗಾಗಿದೆ. ಹೊಸ ಗಾಜೇ ಸರಿ ಇಲ್ಲ" ಎಂದು ತುಂಬಾ ಜನ ಬರುತ್ತಾರೆ. ಗಾಜು ಬದಲಾಗಿಲ್ಲ, ಮಾಸ್ಕಿನ ಸಂದಿಯೂ ಬದಲಾಗಿಲ್ಲ. ಬದಲಾಗಿದ್ದು ಗಾಳಿ.

ಮೊದಲು ಮಾಸ್ಕ್ ತೆಗೆದು ನೋಡಿ

ಇದನ್ನು ಯಾರೂ ಬಿಡಬಾರದು. ಮಾಸ್ಕ್ ತೆಗೆಯಿರಿ. ಕನ್ನಡಕವನ್ನು ತೊಳೆದು ಒರೆಸಿ ಹಾಕಿಕೊಳ್ಳಿ. ಎರಡು ನಿಮಿಷ ಕಾಯಿರಿ. ಮಬ್ಬು ಪೂರ್ತಿ ಹೋಯಿತಾ? ಹೋದರೆ ಅದು ಉಸಿರಿನ ಹಬೆ, ಮುಂದೆ ಓದಿ. ಹೋಗದಿದ್ದರೆ ಇದು ಬೇರೆಯೇ ತೊಂದರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2020ರ ಮಳೆಗಾಲದಲ್ಲಿ ಹೊಸನಗರದ ಕಡೆಯ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಮಾಸ್ಕ್ ಶುರುವಾದಾಗಿನಿಂದ ಕಣ್ಣು ಮಂಜು ಎಂದರು. ಆ ದಿನಗಳಲ್ಲಿ ದಿನಕ್ಕೆ ಹತ್ತು ಜನ ಅದನ್ನೇ ಹೇಳುತ್ತಿದ್ದರು. ನಾನು ಮತ್ತೇನೂ ಕೇಳದೆ ಸ್ಪ್ರೇ ಕೊಟ್ಟು ಕಳಿಸಿದೆ. ದೀಪಾವಳಿ ಹೊತ್ತಿಗೆ ಮತ್ತೆ ಬಂದರು. "ಆ ಔಷಧಿ ನಂಗೆ ಹತ್ತಲಿಲ್ಲ ತಮ್ಮಾ" ಎಂದರು. ಆಗ ಮಾಸ್ಕ್ ತೆಗೆಸಿ ನೋಡಿದೆ. ಮಂಜು ಹಾಗೇ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಿ ಈಗ ಚೆನ್ನಾಗಿ ಕಾಣುತ್ತದೆ. ಆದರೂ ನನ್ನ ಅಜಾಗರೂಕತೆಯಿಂದ ಅವರು ನಾಲ್ಕು ತಿಂಗಳು ಸುಮ್ನೆ ಕಾದರು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಮಾಸ್ಕ್ ಇಲ್ಲದಾಗಲೂ ಮಬ್ಬಿದ್ದರೆ, ಕನ್ನಡಕ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಾಜಿನ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕು, ಗೀರು, ಸಿಪ್ಪೆ ಎದ್ದ ಹಾಗೆ ಕಂಡರೆ ಲೆನ್ಸ್‌ನ ಕೋಟಿಂಗ್ ಹಾಳಾಗಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಕನ್ನಡಕಕ್ಕೆ ಇದು ಜಾಸ್ತಿ. ಅದಕ್ಕೆ ಔಷಧಿ ಇಲ್ಲ, ಲೆನ್ಸ್ ಬದಲಿಸಬೇಕು. ಗಾಜು ಚೊಕ್ಕವಾಗಿದ್ದೂ ಮಬ್ಬು ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣು ಕೆಂಪಾಗಿ, ನೋವು, ತಲೆನೋವು, ವಾಂತಿ ಬಂದು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅವತ್ತೇ ಹೋಗಿ. ನಾಳೆ ಎನ್ನಬೇಡಿ.

ಹಬೆ ಗಾಜಿನ ಒಳಗೋ ಹೊರಗೋ

ಮಬ್ಬಾದ ಕೂಡಲೇ ಹೊರಗಿನಿಂದ ಒಂದು ಬೆರಳು ಎಳೆಯಿರಿ. ಗೆರೆ ಮೂಡಿದರೆ ಹಬೆ ಹೊರಮುಖದಲ್ಲಿದೆ, ಮಾಸ್ಕಿನ ತಪ್ಪಿಲ್ಲ. ಎಸಿ ಬಸ್ಸಿನಿಂದ ಇಳಿದಾಗ, ಕುಕ್ಕರ್ ಮುಚ್ಚಳ ತೆಗೆದಾಗ, ಅಡಿಕೆ ಬೇಯಿಸುವ ಹಂಡೆಗೆ ಬಗ್ಗಿದಾಗ ಆಗುವುದು ಇದೇ. ಗಾಜು ಸುತ್ತಲಿನ ಬಿಸಿಗೆ ಬರುವವರೆಗೆ ಒಂದೆರಡು ನಿಮಿಷ ಕಾಯಬೇಕು, ಅಷ್ಟೇ. ಜೋಗದಲ್ಲಿ ಗಾಜಿಗೆ ಬೀಳುವುದಂತೂ ಹಬೆಯೇ ಅಲ್ಲ, ಜಲಪಾತದ ತುಂತುರು. ಅದಕ್ಕೆ ಬಟ್ಟೆಯೇ ಗತಿ.

ಬೆರಳು ಎಳೆದರೂ ಗೆರೆ ಮೂಡದಿದ್ದರೆ ಹಬೆ ಒಳಗಿದೆ. ಅದು ನಿಮ್ಮ ಉಸಿರು.

ಆಕಾರ ಓದುವುದು

ಮೂಗಿನ ಪಕ್ಕದಿಂದ, ಎರಡೂ ಗಾಜಿನ ಒಳ ಕೆಳಮೂಲೆಯಿಂದ ಹತ್ತಿದರೆ ಮಾಸ್ಕ್ ಮೂಗಿನ ಗೆಣ್ಣಿಗೆ ಕೂತಿಲ್ಲ. ನಾನು ನೋಡುವುದರಲ್ಲಿ ಹೆಚ್ಚಿನವು ಇವೇ. ಗಾಜಿನ ಕೆಳ ಅಂಚಿನುದ್ದಕ್ಕೂ ಎದ್ದರೆ ಕೆನ್ನೆಯ ಮೇಲಿನ ಅಂಚು ಸಡಿಲ. ಕಿವಿಯ ಕಡೆಯ ಮೂಲೆಯಿಂದ ಬಂದರೆ ಮಾಸ್ಕಿನ ಪಕ್ಕ ಬಾಯಿ ತೆರೆದಿದೆ, ಅಂದರೆ ಮಾಸ್ಕ್ ದೊಡ್ಡದಾಗಿದೆ. ಒಂದೇ ಗಾಜು ಮಬ್ಬಾದರೆ ಮಾಸ್ಕ್ ಓರೆಯಾಗಿದೆ, ಇಲ್ಲವೇ ಕನ್ನಡಕವೇ ಓರೆಯಾಗಿ ಒಂದು ಗಾಜು ಕೆನ್ನೆಗೆ ಹತ್ತಿರ ಬಂದಿದೆ. ಮಾತಾಡುವಾಗ ಮಾತ್ರ ಬಂದರೆ ಗಲ್ಲ ಆಡಿದಾಗ ಮಾಸ್ಕ್ ಕೆಳಕ್ಕೆ ಜಾರುತ್ತಿದೆ. ಮೇಷ್ಟ್ರುಗಳಿಗೂ ಕಂಡಕ್ಟರ್‌ಗಳಿಗೂ ಇದು ಜಾಸ್ತಿ.

ಗೊತ್ತಾಗದಿದ್ದರೆ ಸ್ಟೀಲ್ ಚಮಚವನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಮಾಸ್ಕಿನ ಮೇಲಿನ ಅಂಚಿನ ಹತ್ತಿರ ಹಿಡಿದು ಸಾಗಿಸುತ್ತಾ ಉಸಿರು ಬಿಡಿ. ಎಲ್ಲಿ ಚಮಚ ಮಂಕಾಗುತ್ತದೋ ಸಂದಿ ಅಲ್ಲಿದೆ. ಮಕ್ಕಳಿಗೆ ಈ ಪರೀಕ್ಷೆ ತುಂಬಾ ಇಷ್ಟ.

ಇನ್ನೊಂದು ಗುರುತೂ ಇದೆ. ಮಾಸ್ಕ್ ಹಾಕಿದ ದಿನ ಕಣ್ಣು ಒಣಗಿ ಉರಿಯುತ್ತದೆ ಎಂದರೆ ಉಸಿರು ದಿನವಿಡೀ ಕಣ್ಣಿಗೇ ಬೀಸುತ್ತಿದೆ. ಹಬೆ ಕೂರದ ಬೇಸಿಗೆಯಲ್ಲೂ ಸಂದಿ ಇರುವುದು ಇದರಿಂದ ಗೊತ್ತಾಗುತ್ತದೆ. ಹಬೆಯ ತೊಂದರೆ ಬರೀ ಗಾಜಿನದ್ದಲ್ಲ. ಮೇಲಿನಿಂದ ಉಸಿರು ಸೋರುತ್ತಿದೆ ಎಂದರೆ ಉಸಿರು ಎಳೆದಾಗ ಅದೇ ದಾರಿಯಲ್ಲಿ ಹೊರಗಿನ ಗಾಳಿ, ಧೂಳು ಸೋಸದೆ ಒಳಗೆ ಬರುತ್ತದೆ. ಸಂದಿ ಮುಚ್ಚಿದರೆ ಕನ್ನಡಕಕ್ಕೂ ಒಳ್ಳೆಯದು, ಶ್ವಾಸಕೋಶಕ್ಕೂ ಒಳ್ಳೆಯದು. ಮಾಸ್ಕನ್ನು ಮೂಗಿನ ಕೆಳಗೆ ಇಳಿಸಿದರೆ ಹಬೆ ಹೋಗುತ್ತದೆ, ನಿಜ. ಆದರೆ ಆಗ ಮಾಸ್ಕ್ ಹಾಕಿದ್ದು ಯಾಕೆ?

ಸಂದಿ ಮುಚ್ಚುವುದು

ಮಾಸ್ಕಿನ ಮೇಲಿನ ಅಂಚಿನಲ್ಲಿ ಸಣ್ಣ ತಂತಿ ಇರುತ್ತದೆ. ಅದು ಇರುವುದು ಮೂಗಿನ ಆಕಾರಕ್ಕೆ ಬಗ್ಗಿಸಲಿಕ್ಕೆ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ಅಥವಾ ತಿರುಗಾಮುರುಗಾ ಹಾಕಿ ತಂತಿಯನ್ನು ಗಲ್ಲಕ್ಕೆ ತಂದುಕೊಂಡಿರುತ್ತಾರೆ. ಇನ್ನು ಕೆಲವರು ಒಂದೇ ಕೈಯಲ್ಲಿ ಚಿವುಟುತ್ತಾರೆ. ಹಾಗೆ ಮಾಡಿದರೆ ನಡುವೆ ಚೂಪಾದ ಮಡಿಕೆ ಬಂದು, ಎರಡೂ ಪಕ್ಕ ಸಂದಿ ಉಳಿಯುತ್ತದೆ. ಎರಡೂ ಕೈಯ ಬೆರಳ ತುದಿಯನ್ನು ಮೂಗಿನ ಗೆಣ್ಣಿನ ಮೇಲಿಟ್ಟು, ಒತ್ತುತ್ತಾ ಕೆನ್ನೆಯ ಕಡೆಗೆ ಸಾಗಿ. ಕೆನ್ನೆಯ ಎಲುಬು ಸಿಗುವವರೆಗೆ ಒತ್ತಬೇಕು. ಇಷ್ಟರಲ್ಲೇ ಅರ್ಧ ಜನರ ತೊಂದರೆ ನಮ್ಮ ಅಂಗಡಿಯ ಕುರ್ಚಿಯಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕಿಗೆ ತಂತಿ ಇರುವುದಿಲ್ಲ. ಮೇಲಿನ ಅಂಚಿನ ಮಡಿಕೆಯ ತುದಿಯನ್ನು ಸ್ವಲ್ಪ ಬಿಚ್ಚಿ ಒಂದು ತೆಳು ತಂತಿ ತೂರಿಸಿ. ಬ್ರೆಡ್ ಪೊಟ್ಟಣದ ಬಾಯಿಗೆ ಸುತ್ತುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಸಾಕು. ತುದಿಗಳನ್ನು ಒಳಕ್ಕೆ ಮಡಚಿ ಹೊಲಿಯಿರಿ, ಕಣ್ಣಿನ ಹತ್ತಿರದ ಕೆಲಸ.

ನೀಲಿ ಮಾಸ್ಕಿನ ಪಕ್ಕ ಬಾಯಿ ಬಿಟ್ಟರೆ, ಕಿವಿಯ ದಾರವನ್ನು ಮಾಸ್ಕಿಗೆ ಕೂಡುವ ಜಾಗದಲ್ಲೇ ಒಂದು ಗಂಟು ಹಾಕಿ, ಎದ್ದು ನಿಂತ ಮಡಿಕೆಯನ್ನು ಒಳಕ್ಕೆ ತಳ್ಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ 2021ರ ಫೆಬ್ರವರಿಯಲ್ಲಿ ಇದೇ ಉಪಾಯ ಹೇಳಿತ್ತು. ಸಣ್ಣ ಮುಖದವರಿಗೆ ಇದು ತುಂಬಾ ಉಪಯೋಗ.

ಇಡೀ ದಿನ ಹಾಕುವವರು ಮಾಸ್ಕಿನ ಮೇಲಿನ ಅಂಚಿಗೆ, ಮೂಗಿನ ಮೇಲೆ ಅಡ್ಡಲಾಗಿ, ಗಾಯಕ್ಕೆ ಹಾಕುವ ಕಾಗದದ ಟೇಪ್ ಅಂಟಿಸಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆಪರೇಷನ್ ಕೋಣೆಯ ಡಾಕ್ಟರುಗಳು ಹೀಗೆ ಮಾಡುವುದುಂಟು. ಪೆಟ್ಟಿಗೆಗೆ ಅಂಟಿಸುವ ಟೇಪ್ ಬೇಡ, ಚರ್ಮ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿದ ಮುಖಕ್ಕೆ ಯಾವ ಟೇಪೂ ನಿಲ್ಲುವುದಿಲ್ಲ.

ಉಸಿರು ಬಿಡಲು ಪುಟ್ಟ ಬಿಲ್ಲೆ ಇರುವ ಮಾಸ್ಕಿನಲ್ಲಿ ಹಬೆ ಕಡಿಮೆ. ಉಸಿರು ಆ ಬಿಲ್ಲೆಯಿಂದ ಮುಂದಕ್ಕೆ ಹೋಗುತ್ತದೆ. ಧೂಳಿನ ಕೆಲಸಕ್ಕೆ ಅದು ಸರಿ. ಆದರೆ ನಿಮ್ಮ ಉಸಿರು ಸೋಸದೇ ಹೊರಗೆ ಹೋಗುವುದರಿಂದ, ನಿಮಗೆ ಕೆಮ್ಮು ಜ್ವರ ಇದ್ದಾಗ ಅಥವಾ ಕಾಯಿಲೆಯವರ ಪಕ್ಕ ಇರುವಾಗ ಅದು ಬೇಡ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಅದನ್ನು ಹಾಕಬೇಡಿ ಎಂದಿತ್ತು.

ಮಳೆಗಾಲದಲ್ಲಿ ಮಾಸ್ಕ್ ಒದ್ದೆಯಾಗುವುದೂ ಒಂದು ಕಾರಣ. ಒದ್ದೆ ಬಟ್ಟೆಯೊಳಗಿಂದ ಗಾಳಿ ದಾಟುವುದು ಕಷ್ಟ. ಅದು ಸುಲಭದ ದಾರಿ ಹುಡುಕಿ ಮೇಲಿನಿಂದ ಸೋರುತ್ತದೆ. ಬೆಳಗ್ಗೆ ಸರಿ ಇದ್ದು ಮಧ್ಯಾಹ್ನ ಹಬೆ ಶುರುವಾದರೆ ಮಾಸ್ಕ್ ಮುಟ್ಟಿ ನೋಡಿ, ತೇವವಿದ್ದರೆ ಬದಲಿಸಿ. ಬ್ಯಾಗಿನಲ್ಲಿ ಒಣ ಮಾಸ್ಕ್ ಎರಡಾದರೂ ಇರಲಿ. ಮಲೆನಾಡಿನಲ್ಲಿ ಆಷಾಢದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲೇ, ಅದು ನನಗೂ ಗೊತ್ತು. ಬಟ್ಟೆ ಮಾಸ್ಕನ್ನು ಅಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ, ದಮ್ಮು ಇರುವವರಿಗೆ ಅದು ಆಗುವುದಿಲ್ಲ. ಇಸ್ತ್ರಿ ಹಾಕಿ ಒಣಗಿಸುವುದು ಮೇಲು, ತಂತಿ ಇರುವ ಅಂಚನ್ನು ಬಿಟ್ಟು.

ಕನ್ನಡಕದ ಕಡೆಯಿಂದ ಮಾಡುವುದು

ದಪ್ಪ ಫ್ರೇಮಾದರೆ ಮಾಸ್ಕಿನ ಅಂಚನ್ನು ಮೇಲಕ್ಕೆ ಎಳೆದು, ಕನ್ನಡಕವನ್ನು ಅದರ ಮೇಲೆ ಕೂರಿಸಿ. ಫ್ರೇಮಿನ ಭಾರವೇ ಸಂದಿಯನ್ನು ಒತ್ತಿ ಹಿಡಿಯುತ್ತದೆ. ತಂತಿಯಂಥ ತೆಳು ಫ್ರೇಮಿಗೆ ಭಾರ ಸಾಲದು. ಆದರೆ ಅದಕ್ಕೆ ಮೂಗಿನ ಪ್ಯಾಡ್ ಇರುತ್ತದೆ. ಯಾವ ಕನ್ನಡಕದ ಅಂಗಡಿಯಲ್ಲಾದರೂ ಪ್ಯಾಡನ್ನು ಸ್ವಲ್ಪ ಬಗ್ಗಿಸಿ ಗಾಜು ಮುಖದಿಂದ ಕೂದಲೆಳೆ ದೂರ ನಿಲ್ಲುವ ಹಾಗೆ ಮಾಡಿಕೊಡುತ್ತಾರೆ. ನಡುವೆ ಗಾಳಿ ಆಡಿದರೆ ಹಬೆ ಬೇಗ ಆರುತ್ತದೆ. ಮನೆಯಲ್ಲಿ ನೀವೇ ಬಗ್ಗಿಸಬೇಡಿ, ಪ್ಯಾಡಿನ ಕಾಲು ಮುರಿಯುತ್ತದೆ. ಪವರ್ 4ಕ್ಕಿಂತ ಜಾಸ್ತಿ ಇರುವವರು ಇದನ್ನು ಮಾಡಿಸುವ ಮೊದಲು ಹೇಳಿ. ಗಾಜು ಕಣ್ಣಿನಿಂದ ದೂರ ಹೋದ ಹಾಗೆ ಪವರಿನ ಪರಿಣಾಮವೇ ಬದಲಾಗುತ್ತದೆ.

ಸೋಪಿನ ನೀರು

ಸಂದಿ ಮುಚ್ಚಿಯೂ ಚೂರುಪಾರು ಹಬೆ ಉಳಿದರೆ ಮಾತ್ರ ಇದು. ಹಬೆ ಬೆಳ್ಳಗೆ ಕಾಣುವುದು ಸಾವಿರಾರು ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ. ಗಾಜಿನ ಮೇಲೆ ಸೋಪಿನ ತೆಳು ಪದರ ಇದ್ದರೆ ನೀರು ಹನಿಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ. ನೀರು ಆಗಲೂ ಕೂತಿರುತ್ತದೆ, ಆದರೆ ಅದರೊಳಗಿಂದ ಕಾಣುತ್ತದೆ. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರ ಪತ್ರಿಕೆಯೊಂದರಲ್ಲಿ 2011ರಲ್ಲೇ ಈ ಉಪಾಯ ಬಂದಿತ್ತು, ಕೊರೋನಾಕ್ಕೂ ಎಷ್ಟೋ ಮೊದಲು.

ಕೈ ತೊಳೆದುಕೊಳ್ಳಿ. ಕನ್ನಡಕವನ್ನು ನಲ್ಲಿಯ ತಣ್ಣೀರಿಗೆ ಹಿಡಿದು ಧೂಳು ಹೋಗಿಸಿ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರಳಿಗೆ ಹಾಕಿ ಗಾಜಿನ ಎರಡೂ ಮುಖಕ್ಕೆ ಮೆಲ್ಲಗೆ ಹಚ್ಚಿ. ಆಮೇಲೆ ಸೋಪು ಪೂರ್ತಿ ಹೋಗುವಷ್ಟು ತೊಳೆಯಬೇಡಿ. ಒಂದು ಸಲ ನೀರು ತೋರಿಸಿ, ಕೊಡವಿ, ಫ್ಯಾನಿನ ಕೆಳಗೆ ಆರಲು ಬಿಡಿ. ಅವಸರವಿದ್ದರೆ ಹಳೆ ಮೆದು ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಉಜ್ಜಿದರೆ ಪದರವೇ ಹೋಗುತ್ತದೆ. ಒಲೆಯ ಬಿಸಿಗೆ ಹಿಡಿಯಬೇಡಿ, ಬಿಸಿನೀರೂ ಬೇಡ, ಕೋಟಿಂಗ್ ಬಿರುಕು ಬಿಡುತ್ತದೆ. ಬೆಳಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೆ ನಿಂತರೆ ಚೆನ್ನಾಗಿ ನಿಂತಿತು ಎಂದು ಲೆಕ್ಕ.

ನೀರು ಅಂಟದ ಕೋಟಿಂಗ್ ಇರುವ ದುಬಾರಿ ಲೆನ್ಸ್‌ಗಳ ಮೇಲೆ ಈ ಪದರ ಸರಿಯಾಗಿ ನಿಲ್ಲುವುದಿಲ್ಲ. ಹಬೆಯ ಸ್ಪ್ರೇ ಕೂಡ ಹಾಗೆಯೇ. ಕೊಳ್ಳುವ ಮೊದಲು ನಿಮ್ಮ ಲೆನ್ಸಿಗೆ ಯಾವ ಕೋಟಿಂಗ್ ಇದೆ ಎಂದು ಕೇಳಿ.

ಅಂಟುವಾಳದ ನೊರೆ ಆಗುತ್ತಾ ಎಂದು ಹಳ್ಳಿ ಕಡೆಯವರು ಕೇಳುತ್ತಾರೆ. ನೊರೆ ಬರುವ ಗುಣ ಅದರಲ್ಲೂ ಇದೆ, ಕೆಲಸವೂ ಮಾಡುತ್ತದೆ. ಆದರೆ ಹಬೆಯ ನೀರಿನ ಜೊತೆ ಇಳಿದು ಕಣ್ಣಿಗೆ ಹೋದರೆ ವಿಪರೀತ ಉರಿ. ನಾನು ಬೇಡ ಎನ್ನುತ್ತೇನೆ. ಟೂತ್‌ಪೇಸ್ಟ್ ಗೀರು ಮಾಡುತ್ತದೆ. ಸ್ಯಾನಿಟೈಸರ್ ದಿನಾ ಹಾಕಿದರೆ ಕೋಟಿಂಗ್, ಫ್ರೇಮ್ ಎರಡೂ ಹಾಳು.

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಗೆ

ಇವರದ್ದು ಎಲ್ಲರಿಗಿಂತ ಕಷ್ಟದ ಕೇಸು. ಯಾಕೆಂದರೆ ಎರಡು ತೊಂದರೆ ಒಟ್ಟಿಗೆ ಇರುತ್ತವೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದ ಮೇಲೆ ನೆಲದಲ್ಲೇ ನಿಂತು, ತಲೆ ಮೇಲೆತ್ತಿ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ತಲೆ ಎತ್ತಿದಾಗ ಮಾಸ್ಕ್ ಗಲ್ಲದ ಕಡೆಗೆ ಎಳೆದು ಮೂಗಿನ ಹತ್ತಿರ ಬಾಯಿ ತೆರೆಯುತ್ತದೆ, ಒಳಮುಖಕ್ಕೆ ಹಬೆ. ಮೇಲಿನಿಂದ ಬೀಳುವ ಔಷಧಿಯ ತುಂತುರು ಹೊರಮುಖಕ್ಕೆ. ತೀರ್ಥಹಳ್ಳಿ ಕಡೆಯ ಒಬ್ಬರು ಹೋದ ವರ್ಷ ಎರಡು ಸ್ಪ್ರೇ ಬಾಟಲಿ ಮುಗಿಸಿ ಬಂದಿದ್ದರು. ಹಬೆ ಎಂದುಕೊಂಡಿದ್ದು ಅರ್ಧ ಹಬೆ, ಅರ್ಧ ಸುಣ್ಣ.

ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಸುಣ್ಣ ಗಾಜಿನ ಮೇಲೆ ಒಣಗಿದಾಗ ಲುಂಗಿಯ ತುದಿಯಿಂದ ಒರೆಸಿದರೆ ಮರಳು ಕಾಗದ ಹಾಕಿ ತಿಕ್ಕಿದ ಹಾಗೆ. ಅವರ ಗಾಜಿನ ತುಂಬಾ ಅದರ ಗೀರುಗಳೇ ಇದ್ದವು. ಒರೆಸುವ ಮೊದಲು ನೀರು ಸುರಿಯಲೇಬೇಕು.

ಅವರಿಗೆ ನಾನು ಹೇಳಿದ್ದು ಇಷ್ಟು. ಒಳ್ಳೆಯ ಪವರ್ ಕನ್ನಡಕವನ್ನು ತೋಟಕ್ಕೆ ತರಬೇಡಿ, ಹಳೆಯದನ್ನು ಹಾಕಿ. ಅದರ ಮೇಲೆ ಪಕ್ಕದಲ್ಲಿ ಗಾಳಿಯ ತೂತು ಇರುವ, ಅಗಲದ ರಕ್ಷಣಾ ಕನ್ನಡಕ ಇರಲಿ. ತುಂತುರು ಅದಕ್ಕೆ ಬೀಳಲಿ. ತಲೆಯ ಹಿಂದೆ ಕಟ್ಟುವ ದಾರದ ಮಾಸ್ಕ್ ತಗೊಳ್ಳಿ, ಕಿವಿಗೆ ಸಿಕ್ಕಿಸುವುದು ತಲೆ ಎತ್ತಿದರೆ ನಿಲ್ಲುವುದಿಲ್ಲ. ತಲೆ ಪೂರ್ತಿ ಮೇಲೆತ್ತಿ ನಿಂತುಕೊಂಡೇ ಮೂಗಿನ ತಂತಿ ಒತ್ತಿ. ನೆಟ್ಟಗೆ ನಿಂತು ಒತ್ತಿದರೆ ಕೆಲಸದ ಹೊತ್ತಿಗೆ ಸಡಿಲವಾಗುತ್ತದೆ. ಒಂದು ಬಾಟಲಿ ಬರೀ ನೀರು, ಒಂದು ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೊತೆಗಿಟ್ಟುಕೊಳ್ಳಿ.

ಎರಡನೇ ಸಲದ ಔಷಧಿ ಹೊಡೆದಾದ ಮೇಲೆ ಅವರು ಫೋನ್ ಮಾಡಿದ್ದರು. ತಲೆ ಎತ್ತಿ ತಂತಿ ಒತ್ತಿದ್ದೇ ಕೆಲಸ ಮಾಡಿತಂತೆ. ಸ್ಪ್ರೇ ಹಾಕಿರಲಿಲ್ಲ. ಊಟಕ್ಕೆ ಮನೆಗೆ ಬಂದಾಗ ಒಂದು ಸಲ ಸೋಪು ಹಚ್ಚಿದ್ದರು, ಮಾಸ್ಕ್ ಬದಲಿಸಿದ್ದರು. ಸಂಜೆವರೆಗೂ ಗೊನೆ ಕಾಣುತ್ತಿತ್ತು.